ಎರಡು ಗ್ಯಾಲಾಕ್ಟಿಕಾಗಳು: 1978ರದ್ದು ಮತ್ತು 2003ರದ್ದು

ಅಮೆರಿಕದ ಎಬಿಸಿ ವಾಹಿನಿಯಲ್ಲಿ 1978ರ ಸೆಪ್ಟೆಂಬರಿನಲ್ಲಿ ಆರಂಭವಾಗಿ ಒಂದೇ ಸೀಸನ್ನಿಗೆ ನಿಂತುಹೋದ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಧಾರಾವಾಹಿಯನ್ನೂ, 2003ರ ಕಿರುಸರಣಿಯಿಂದ ತೊಡಗಿ 2009ರವರೆಗೆ ನಡೆದ ಅದರ ಮರುನಿರ್ಮಾಣವನ್ನೂ ಒಂದರ ಬೆನ್ನಿಗೆ ಇನ್ನೊಂದರಂತೆ ನೋಡಿದೆ. ಕಥೆಯ ಎಲುಬು ಎರಡರಲ್ಲೂ ಒಂದೇ: ಸೈಲಾನ್ ಎಂಬ ಯಂತ್ರಗಳು ಮನುಷ್ಯರ ಹನ್ನೆರಡು ವಸಾಹತುಗಳನ್ನು ನಾಶಮಾಡುತ್ತವೆ, ಉಳಿದವರನ್ನು ಕರೆದುಕೊಂಡು ಗ್ಯಾಲಾಕ್ಟಿಕಾ ಯುದ್ಧನೌಕೆ ಭೂಮಿಯನ್ನು ಹುಡುಕುತ್ತ ಹೊರಡುತ್ತದೆ. ಆ ನಾಶದ ಮರುದಿನ ಏನಾಗುತ್ತದೆ ಎಂಬಲ್ಲಿ ಎರಡರ ದಾರಿಯೂ ಬೇರೆಯಾಗುತ್ತದೆ.

ಗ್ಲೆನ್ ಲಾರ್ಸನ್ ಸೃಷ್ಟಿಸಿದ ಹಳೆಯದರಲ್ಲಿ ಗ್ರಹಗಳು ಉರಿದ ಸ್ವಲ್ಪ ಹೊತ್ತಿಗೇ, ಅದೇ ಆರಂಭದ ಕಥೆಯಲ್ಲಿ, ಬದುಕುಳಿದವರು ಕ್ಯಾರಿಲಾನ್ ಎಂಬ ಗ್ರಹದ ಜೂಜಿನ ಮನೆಗೆ ಬಂದು ಉಂಡು ನಲಿಯುತ್ತಾರೆ. ಸೂತಕ ಕಳೆಯುವ ಮೊದಲೇ ಜಾತ್ರೆಗೆ ಹೋದವರನ್ನು ಕಂಡಂತಾಗಿ ನನಗೆ ಇರುಸುಮುರುಸಾಯಿತು. ರೊನಾಲ್ಡ್ ಮೂರ್ ಬರೆದು ರೂಪಿಸಿದ ಹೊಸದರಲ್ಲಾದರೋ, ಅಧಿಕಾರದ ಸಾಲಿನಲ್ಲಿ 43ನೆಯವಳಾಗಿದ್ದ ಶಿಕ್ಷಣ ಸಚಿವೆ ಲಾರಾ ರೋಸ್ಲಿನ್ ಮೇಲಿನವರೆಲ್ಲ ಸತ್ತ ಕಾರಣಕ್ಕೆ ಅಧ್ಯಕ್ಷೆಯಾಗುತ್ತಾಳೆ. ಉಳಿದಿರುವ ಸುಮಾರು 50 ಸಾವಿರ ಜನರ ಲೆಕ್ಕವನ್ನು ಬಿಳಿ ಹಲಗೆಯ ಮೇಲೆ ಬರೆದು, ಅಳಿಸಿ, ಮತ್ತೆ ಬರೆಯುತ್ತಾಳೆ. ‘33’ ಎಂಬ ಕಂತಿನಲ್ಲಿ ಸೈಲಾನರು ಪ್ರತಿ 33 ನಿಮಿಷಕ್ಕೊಮ್ಮೆ ಬಂದೆರಗುತ್ತಾರೆ; ಐದು ದಿನಗಳಿಂದ ಯಾರಿಗೂ ನಿದ್ದೆಯಿಲ್ಲ. ಕಂತಿನ ಕೊನೆಗೆ ಒಂದು ಮಗು ಹುಟ್ಟಿ, ಹಲಗೆಯ ಸಂಖ್ಯೆಗೆ ಒಂದು ಸೇರುವಾಗ ಆಗುವ ಸಮಾಧಾನವನ್ನು ಹಳೆಯ ಸರಣಿಯ ಯಾವ ಗೆಲುವೂ ನನಗೆ ಕೊಡಲಿಲ್ಲ. ವೈಜ್ಞಾನಿಕ ಕಲ್ಪನೆಯ ಕೃತಿಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ 2005ರಲ್ಲಿ ಈ ಕಂತಿಗೆ ಬಂದದ್ದು ನ್ಯಾಯವೇ ಆಗಿದೆ. ಅದೇ ವರ್ಷದ ಪೀಬಡಿ ಪ್ರಶಸ್ತಿಯೂ ಸರಣಿಗೆ ದೊರೆಯಿತು, ಟೈಮ್ ಪತ್ರಿಕೆ ಆ ವರ್ಷದ ಟಿವಿ ಕಾರ್ಯಕ್ರಮಗಳಲ್ಲಿ ಇದಕ್ಕೆ ಮೊದಲ ಸ್ಥಾನ ನೀಡಿತು. ಆದರೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿ ಮಾತ್ರ ದೃಶ್ಯಪರಿಣಾಮಗಳನ್ನು ಎರಡು ಬಾರಿ ಗೌರವಿಸಿಯೂ, ಗ್ಯಾಲಾಕ್ಟಿಕಾದ ದಂಡನಾಯಕ ಅಡಾಮಾ ಆಗಿ ನಟಿಸಿದ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಮತ್ತು ರೋಸ್ಲಿನ್ ಆದ ಮೇರಿ ಮೆಕ್‌ಡೊನೆಲ್ ಅವರನ್ನು ಈ ಪಾತ್ರಗಳಿಗಾಗಿ ಒಮ್ಮೆಯೂ ನಾಮನಿರ್ದೇಶನ ಮಾಡಲಿಲ್ಲ.

ನೌಕೆ ಉಳಿದ ಕಾರಣವೂ ಹೊಸದರಲ್ಲಿ ಹೆಚ್ಚು ಗಟ್ಟಿಯಾಗಿದೆ. ಸಂಗ್ರಹಾಲಯವಾಗಲು ಸಿದ್ಧವಾಗಿದ್ದ ಈ ಮುದಿ ನೌಕೆಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿರಲಿಲ್ಲವಾದ್ದರಿಂದ, ಕಂಪ್ಯೂಟರುಗಳೊಳಗೆ ನುಸುಳಿ ಉಳಿದ ನೌಕೆಗಳನ್ನು ಕೆಡವಿದ ಸೈಲಾನರ ಕುತಂತ್ರ ಇಲ್ಲಿ ನಡೆಯಲಿಲ್ಲ.

ಹಳೆಯದರಲ್ಲಿ ಜಾನ್ ಡೈಕ್‌ಸ್ಟ್ರಾ ಅವರ ಮಾದರಿ ನೌಕೆಗಳು ಇಂದಿಗೂ ಚೆಂದವಾಗಿ ಕಾಣುತ್ತವೆಯಾದರೂ, ವೈಪರ್ ವಿಮಾನಗಳು ಹಾರುವ ಅವವೇ ದೃಶ್ಯಗಳು ಕಂತಿನಿಂದ ಕಂತಿಗೆ ಮರುಕಳಿಸಿ, ಹತ್ತನೆಯ ಬಾರಿಗೆ ನಾನು ಫೋನ್ ನೋಡುತ್ತ ಕುಳಿತಿದ್ದೆ. ಹೊಸದರಲ್ಲಿ ಬಾಹ್ಯಾಕಾಶದ ಯುದ್ಧವನ್ನೂ ಸುದ್ದಿ ಛಾಯಾಗ್ರಾಹಕನೊಬ್ಬ ಓಡೋಡಿ ಸೆರೆಹಿಡಿದಂತೆ ಚಿತ್ರಿಸಿದ್ದಾರೆ. ಸಂಗೀತದಲ್ಲಿ ಮಾತ್ರ ನನ್ನ ಮನಸ್ಸು ಎರಡೂ ಕಡೆ ವಾಲುತ್ತದೆ: ಬೇರ್ ಮೆಕ್‌ಕ್ರೀರಿಯ ಡೋಲುಗಳು ಎದೆ ನಡುಗಿಸುತ್ತವೆ, ಆದರೆ ಗುನುಗಿಕೊಳ್ಳಲು ಸಿಗುವುದು ಸ್ಟೂ ಫಿಲಿಪ್ಸ್ ಅವರ ಹಳೆಯ ಶೀರ್ಷಿಕೆ ಸಂಗೀತ. ಹೊಸ ಸರಣಿ ಅದನ್ನೇ ವಸಾಹತುಗಳ ರಾಷ್ಟ್ರಗೀತೆಯಾಗಿ ನುಡಿಸಿ ಹಳೆಯದಕ್ಕೆ ನಮಸ್ಕಾರ ಹೇಳಿದೆ.

ವೈಪರ್ ಪೈಲಟ್ ಸ್ಟಾರ್‌ಬಕ್ ಪಾತ್ರವನ್ನು ಹೊಸದರಲ್ಲಿ ಹೆಣ್ಣಾಗಿಸಿದ್ದರ ಬಗ್ಗೆ ಹಳೆಯ ಅಭಿಮಾನಿಗಳು ಸಿಟ್ಟಾದದ್ದುಂಟು. ಹಳೆಯ ಸ್ಟಾರ್‌ಬಕ್ ಆದ ಡರ್ಕ್ ಬೆನೆಡಿಕ್ಟ್ ಅವರ ತುಂಟ ನಗು ನನಗೂ ಇಷ್ಟವೇ, ಆದರೆ ಕೇಟಿ ಸ್ಯಾಕಾಫ್ ಅವರ ಸ್ಟಾರ್‌ಬಕ್ ಸಿಗಾರ್ ಸೇದುವಾಗಲೂ ಒಳಗಿನ ಗಾಯ ಕಾಣಿಸುತ್ತದೆ. ಹಳೆಯದರಲ್ಲಿ ಅಪೋಲೊ ಎಂಬ ಪೈಲಟ್ ಆಗಿದ್ದ ರಿಚರ್ಡ್ ಹ್ಯಾಚ್, ಹೊಸದರಲ್ಲಿ ಟಾಮ್ ಜಾರೆಕ್ ಎಂಬ ರಾಜಕೀಯ ಕೈದಿಯಾಗಿ ಬಂದು ಅದ್ಭುತವಾಗಿ ನಟಿಸಿದ್ದಾರೆ.

ಹೊಸದು ಎಲ್ಲೆಡೆಯೂ ಮೇಲುಗೈ ಎನ್ನಲಾರೆ. ಮೂರನೆಯ ಸೀಸನ್ನಿನ ನಡುಭಾಗ ಜೋತುಬೀಳುತ್ತದೆ, ಕೊನೆಯ ಕಂತು ಗಂಟುಗಳನ್ನು ದೈವೇಚ್ಛೆಗೆ ಬಿಟ್ಟು ಕೈತೊಳೆದುಕೊಳ್ಳುತ್ತದೆ. ಸಂಜೆ ದಣಿದು ಬಂದು ಹಗುರವಾಗಿ ಒಂದು ಕಂತು ನೋಡಬೇಕೆಂದರೆ ನಾನು ಹಾಕುವುದು 1978ರದ್ದನ್ನೇ. ಹೊಸದಾಗಿ ಆರಂಭಿಸುವವರು ಮೊದಲ ಸೀಸನ್ನಿನಿಂದಲ್ಲ, ಅದಕ್ಕೂ ಹಿಂದಿನ 2003ರ ಕಿರುಸರಣಿಯಿಂದಲೇ ತೊಡಗಬೇಕು. ಅದನ್ನು ಬಿಟ್ಟು ನೇರವಾಗಿ ‘33’ಕ್ಕೆ ಹೋದರೆ ಹಲಗೆಯ ಮೇಲಿನ ಆ ಸಂಖ್ಯೆ ಬರೀ ಸಂಖ್ಯೆಯಾಗಿಯೇ ಉಳಿಯುತ್ತದೆ.