ಬ್ಯಾಟು ಸಾಲಿಗಿಟ್ಟು ಕಾದ ನಾಲ್ಕು ತಿಂಗಳು

ನಮ್ಮದು ನಾಲ್ಕು ಜನರ ಬ್ಯಾಡ್ಮಿಂಟನ್ ಗುಂಪು. ಒಬ್ಬನಿಗೆ ವರ್ಗವಾಯಿತು, ಒಬ್ಬನಿಗೆ ಮಗುವಾಯಿತು, ಮತ್ತೊಬ್ಬನಿಗೆ ಬೆನ್ನು ಹಿಡಿಯಿತು. ಉಳಿದವನು ನಾನು. ಒಬ್ಬನೇ ಡಬಲ್ಸ್ ಆಡುವುದಕ್ಕಾಗುವುದಿಲ್ಲ ಅಲ್ವಾ? ಹಾಗಾಗಿ ಈ ಕ್ರೀಡಾ ಕೇಂದ್ರದ ‘ಓಪನ್ ಪ್ಲೇ’ಗೆ ಹೋಗಲು ಶುರು ಮಾಡಿದೆ. ಕೋರ್ಟ್ ಬುಕ್ ಮಾಡಬೇಕಿಲ್ಲ, ಜೊತೆಗಾರರನ್ನು ಹುಡುಕಬೇಕಿಲ್ಲ. ಬನ್ನಿ, ಹೆಸರು ಬರೆಸಿ, ಪಾಳಿ ಬಂದಾಗ ಆಡಿ. ವಾರಕ್ಕೆ ಮೂರು ಸಂಜೆ, ಒಂದೊಂದು ಸಂಜೆ ಎರಡು ಗಂಟೆ. ನಾಲ್ಕು ತಿಂಗಳು ಆಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ತಿಂಗಳ ಬಗ್ಗೆ ಕೇಳಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ.

ಹಾಲ್‌ನಲ್ಲಿ ಮೂರು ಕೋರ್ಟ್ ಇವೆ. ಸಾಮಾನ್ಯವಾಗಿ 24 ಜನ ಬರುತ್ತಾರೆ. ಅಂದರೆ 12 ಜನ ಒಳಗೆ, 12 ಜನ ಬೆಂಚಿನ ಮೇಲೆ. 21 ಪಾಯಿಂಟಿನ ಒಂದು ಗೇಮ್‌ಗೆ ಹೆಚ್ಚುಕಡಿಮೆ ಕಾಲು ಗಂಟೆ ಹಿಡಿಯುತ್ತದೆ. ಲೆಕ್ಕದ ಪ್ರಕಾರ ಎರಡು ಗಂಟೆಯಲ್ಲಿ ಪ್ರತಿಯೊಬ್ಬರಿಗೂ ನಾಲ್ಕು ಗೇಮ್ ಸಿಗಬೇಕು. ನನಗೆ ಮೊದಲ ಸಂಜೆ ಸಿಕ್ಕಿದ್ದು ಎರಡು. ಗೆದ್ದವರು ಕೋರ್ಟಲ್ಲೇ ಉಳಿಯಬೇಕು ಅನ್ನುವುದು ಆಗಿನ ನಿಯಮ. ಇಬ್ಬರು ಉದ್ದನೆಯ ಹುಡುಗರು ಮೊದಲನೇ ಕೋರ್ಟ್ ಹಿಡಿದುಕೊಂಡರು ನೋಡಿ, ಐದು ಗೇಮ್ ಇಳಿಯಲೇ ಇಲ್ಲ. ನಾನು ಏಳು ನಿಮಿಷಕ್ಕೆ ಸೋತು ಬಂದು ನಲವತ್ತು ನಿಮಿಷ ಸುಮ್ನೆ ಕೂತೆ. ಬಿಸಿಯಾಗಿದ್ದ ಮೈ ತಣ್ಣಗಾಗಿ, ಎದ್ದಾಗ ಮೊಣಕಾಲು ಕಟಕಟ ಅಂದಿತು. ಬೋರ್ಡಿನ ಮೇಲೆ ಹೆಸರು ಬರೆಯಿರಿ ಅಂತ ಚೀಟಿ ಅಂಟಿಸಿದ್ದರು. ಮಾರ್ಕರ್‌ನಲ್ಲಿ ಮಾತ್ರ ಇಂಕಿರಲಿಲ್ಲ.

ಎರಡನೇ ತಿಂಗಳು ಒಬ್ಬರು ಕೋ-ಆರ್ಡಿನೇಟರ್ ಬಂದರು. ಸುಮಾರು ಮೂವತ್ತರ ಹೆಣ್ಣುಮಗಳು. ಜೋರು ದನಿ, ಕುತ್ತಿಗೆಯಲ್ಲಿ ಸೀಟಿ. ಅದನ್ನು ಅವರು ಊದಿದ್ದನ್ನು ನಾನು ಎರಡೇ ಸಲ ಕೇಳಿರುವುದು. ಬಂದ ವಾರವೇ ಗೋಡೆಗೆ ಒಂದು ಮರದ ಹಲಗೆ ಹೊಡೆಸಿದರು. ಅದರಲ್ಲಿ ಹದಿನಾರು ಗೂಡು, ನಾಲ್ಕು ನಾಲ್ಕಕ್ಕೆ ಒಂದೊಂದು ಬಣ್ಣ. ಬಂದವರು ಬ್ಯಾಟನ್ನು ಖಾಲಿ ಗೂಡಿಗೆ ಸಿಕ್ಕಿಸಬೇಕು. ಕೋರ್ಟ್ ಖಾಲಿಯಾದ ಕೂಡಲೇ ಎಡಗಡೆಯ ನಾಲ್ಕು ಬ್ಯಾಟು ಒಳಗೆ, ಉಳಿದವು ಒಂದು ಬಣ್ಣ ಮುಂದಕ್ಕೆ. ಹೆಸರು ಬರೆಯುವುದು, ಕೂಗುವುದು, ‘ನಾನು ನಿಮಗಿಂತ ಮುಂಚೆ ಬಂದೆ’ ಅನ್ನುವುದು, ಎಲ್ಲ ನಿಂತುಹೋಯಿತು. ನಿಮ್ಮ ಬ್ಯಾಟು ಎಡದಿಂದ ಎರಡನೇ ಬಣ್ಣವಾದ ಹಸಿರಿನಲ್ಲಿದ್ದರೆ ಇನ್ನೊಂದು ಗೇಮ್ ಕಾಯಬೇಕು. ಅಷ್ಟೇ.

ಇದಕ್ಕೂ ಕಳ್ಳದಾರಿ ಹುಡುಕಿದವರಿದ್ದಾರೆ. ಒಬ್ಬ ಮಹಾಶಯರು ಎರಡು ಬ್ಯಾಟು ತಂದು, ಒಂದನ್ನು ಕೆಂಪಿನಲ್ಲಿ, ಒಂದನ್ನು ನೀಲಿಯಲ್ಲಿ ಸಿಕ್ಕಿಸುತ್ತಿದ್ದರು. ಮೂರು ವಾರ ನಡೆಯಿತು. ಒಂದು ಸಂಜೆ ಕೋ-ಆರ್ಡಿನೇಟರ್ ಎರಡನ್ನೂ ಹಿಡಿದು ಪಕ್ಕಪಕ್ಕ ಇಟ್ಟು ನೋಡಿದರು. ಎರಡರ ಹಿಡಿಗೂ ಒಂದೇ ಕಿತ್ತಳೆ ಬಣ್ಣದ ಗ್ರಿಪ್. ‘ಸರ್, ಇದು ನಿಮ್ಮ ಅವಳಿ ತಮ್ಮಂದಾ?’ ಅಂದರು. ಇಡೀ ಬೆಂಚು ನಕ್ಕಿತು. ಅವರೂ ನಕ್ಕರು, ಪಾಪ.

ಪಾಯಿಂಟಿನ ವಿಷಯದಲ್ಲೂ ಕೋ-ಆರ್ಡಿನೇಟರದು ಒಳ್ಳೆಯ ತಲೆ. ನಿಯಮದ ಪ್ರಕಾರ 20-20 ಆದರೆ ಎರಡು ಪಾಯಿಂಟಿನ ಅಂತರ ಬರುವವರೆಗೂ ಎಳೆಯಬೇಕು, ಜಾಸ್ತಿ ಅಂದರೆ 30ರವರೆಗೆ. ಹೊರಗೆ ಹನ್ನೆರಡು ಜನ ಕಾಯುತ್ತಿರುವಾಗ ಅದೆಲ್ಲ ಯಾಕೆ? ಗೂಡು ತುಂಬಿದರೆ ಗೇಮ್ 15ಕ್ಕೇ ಮುಗಿಯುತ್ತದೆ. 14-14 ಆದರೆ ಮುಂದಿನ ಪಾಯಿಂಟ್ ಯಾರದ್ದೋ ಗೆಲುವು ಅವರದ್ದು. ಎಂಟಕ್ಕಿಂತ ಜಾಸ್ತಿ ಜನ ಕಾಯುತ್ತಿದ್ದರೆ ನಾಲ್ವರೂ ಇಳಿಯಬೇಕು. ಕಮ್ಮಿ ಇದ್ದರೆ ಗೆದ್ದವರು ಇನ್ನೊಂದೇ ಗೇಮ್ ಉಳಿಯಬಹುದು, ಆದರೆ ಜೋಡಿ ಒಡೆದು ಆಡಬೇಕು. ಆ ಉದ್ದನೆಯ ಹುಡುಗರು ಈಗ ಒಬ್ಬರೆದುರು ಒಬ್ಬರು ಆಡುತ್ತಾರೆ. ನೋಡೋಕೆ ಚೆನ್ನಾಗಿರುತ್ತದೆ.

ಕಷ್ಟದ ಕೆಲಸ ಅಂದರೆ ಆಟದ ಮಟ್ಟ ನೋಡಿ ಜನರನ್ನು ಬೇರೆ ಮಾಡುವುದು. ಫಾರಂನಲ್ಲಿ ‘ಹೊಸಬರು, ಮಧ್ಯಮ, ಪಳಗಿದವರು’ ಅಂತ ಮೂರು ಚೌಕ ಇವೆ. ಎಲ್ಲರೂ ಗುರುತು ಹಾಕುವುದು ‘ಮಧ್ಯಮ’ಕ್ಕೇ. ನಿನ್ನೆ ಬ್ಯಾಟು ಹಿಡಿದವರೂ ಮಧ್ಯಮ, ಜಿಲ್ಲಾ ಮಟ್ಟದಲ್ಲಿ ಆಡಿದವರೂ ಮಧ್ಯಮ. ಕೋ-ಆರ್ಡಿನೇಟರ್ ಫಾರಂ ನೋಡುವುದೇ ಇಲ್ಲ. ಒಂದು ಗೇಮ್ ನೋಡಿ, ಆಮೇಲೆ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳುತ್ತಾರೆ. ನನಗೆ ಹೇಳಿದ್ದು: ‘ಸರ್, ಇವತ್ತು ಮೂರನೇ ಕೋರ್ಟಲ್ಲಿ ಆಡ್ತೀರಾ? ಅಲ್ಲಿ ರ‍್ಯಾಲಿ ಜಾಸ್ತಿ ಸಿಗುತ್ತೆ.’ ಅಂದರೆ ಶಟಲ್ ಬೇಗ ನೆಲಕ್ಕೆ ಬೀಳದೆ ಆಚೆಗೀಚೆಗೆ ಓಡಾಡುತ್ತಿರುತ್ತದೆ ಅಂತ. ಮೂರನೇ ಕೋರ್ಟ್ ಹೊಸಬರದ್ದು. ಹದಿನೈದು ವರ್ಷದಿಂದ ಆಡುತ್ತಿರುವ ನನಗೆ! ಒಂದು ದಿನ ಮುನಿಸಿಕೊಂಡು ಹೋಗಲಿಲ್ಲ. ಮರುದಿನ ಹೋಗಿ ಆಡಿದೆ. ರ‍್ಯಾಲಿ ನಿಜಕ್ಕೂ ಜಾಸ್ತಿ ಸಿಕ್ಕಿತು.

ಶನಿವಾರದ ಸಂಜೆ ಪಿಕಲ್‌ಬಾಲ್. ಪ್ಯಾಡಲ್ ಅನ್ನುವ ಗಟ್ಟಿ ಬ್ಯಾಟಿನಿಂದ ತೂತಿನ ಪ್ಲಾಸ್ಟಿಕ್ ಚೆಂಡು ಹೊಡೆಯುವ ಆಟ. ಅದೂ ಇದೇ ಹಾಲ್‌ನಲ್ಲಿ. ಎರಡೂ ಆಟದ ಕೋರ್ಟ್ ಒಂದೇ ಅಳತೆ, 44 ಅಡಿ ಉದ್ದ, 20 ಅಡಿ ಅಗಲ. 1965ರಲ್ಲಿ ಈ ಆಟ ಹುಟ್ಟಿದ್ದೇ ಅಮೆರಿಕದ ಒಂದು ಮನೆಯ ಹಳೇ ಬ್ಯಾಡ್ಮಿಂಟನ್ ಕೋರ್ಟಲ್ಲಿ. ಹಾಗಾಗಿ ನೆಟ್ ಇಳಿಸಿದರೆ ಮುಗಿಯಿತು ಅಂದುಕೊಂಡಿದ್ದರು ಇಲ್ಲಿಯವರು. ಬ್ಯಾಡ್ಮಿಂಟನ್‌ಗೆ ನಡುವೆ ಐದು ಅಡಿ ಇರುವ ನೆಟ್, ಇದಕ್ಕೆ ನಡುವೆ 34 ಇಂಚು. ಇಳಿಸಿದರು. ಆದರೆ ಗೆರೆ ಮರೆತರು.

ಪಿಕಲ್‌ಬಾಲ್‌ನಲ್ಲಿ ನೆಟ್‌ನಿಂದ ಏಳು ಅಡಿವರೆಗಿನ ಜಾಗಕ್ಕೆ ‘ಕಿಚನ್’ ಅನ್ನುತ್ತಾರೆ. ಅಲ್ಲಿ ನಿಂತು ಚೆಂಡನ್ನು ನೆಲಕ್ಕೆ ಬೀಳಿಸದೆ ಹೊಡೆಯುವಂತಿಲ್ಲ. ಹಾಗೆ ಹೊಡೆಯುವಾಗ ಗೆರೆ ತುಳಿದರೂ ತಪ್ಪು. ಬ್ಯಾಡ್ಮಿಂಟನ್‌ನ ಸರ್ವಿಸ್ ಗೆರೆ ಇರುವುದು ಆರೂವರೆ ಅಡಿಗೆ. ವ್ಯತ್ಯಾಸ ಅರ್ಧ ಅಡಿ, ಸರಿಯಾಗಿ ಒಂದು ಶೂ ಮುಂಭಾಗದಷ್ಟು. ಮೂರು ಶನಿವಾರ ಆ ಅರ್ಧ ಅಡಿಗೆ ಎಷ್ಟು ಜಗಳ ಆಯಿತು ಅಂದರೆ, ಒಬ್ಬರು ಮನೆಯಿಂದ ಅಳತೆ ಟೇಪು ತಂದರು. ಆಮೇಲೆ ಹಳದಿ ಟೇಪು ಅಂಟಿಸಿದರು. ಅದರ ಅಂಚು ಎದ್ದು ಶೂಗೆ ಅಂಟಿಕೊಳ್ಳುತ್ತದೆ. ಪ್ರತಿ ಶನಿವಾರ ಯಾರಾದರೊಬ್ಬರು ಕಾಲಿಗೆ ಹಳದಿ ಬಾಲ ಕಟ್ಟಿಕೊಂಡು ಓಡಾಡುತ್ತಿರುತ್ತಾರೆ. ಬಣ್ಣ ಬಳಿಸಿ ಸ್ವಾಮಿ, ಒಂದು ಸಲ.

ಈಗ ದೂರು. ಶನಿವಾರ ಮೂರನೇ ಕೋರ್ಟನ್ನು ಬ್ಯಾಡ್ಮಿಂಟನ್‌ಗೇ ಬಿಟ್ಟಿರುತ್ತಾರೆ, ನಡುವೆ ಪರದೆ ಇಲ್ಲ. ಪಿಕಲ್‌ಬಾಲ್ ಚೆಂಡು ಉರುಳಿಕೊಂಡು ಬರುತ್ತದೆ. ಹೋದ ತಿಂಗಳು ಶಟಲ್ ನೋಡುತ್ತಾ ಹಿಂದೆ ಹಿಂದೆ ಹೋದ ಒಬ್ಬ ಹೆಂಗಸು ಅದರ ಮೇಲೆ ಕಾಲಿಟ್ಟರು. ಪಾದ ಮಗುಚಿತು. ಸೀಟಿ ಊದಿದ ಎರಡು ಸಲದಲ್ಲಿ ಅದೊಂದು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಬೀಗ. ಬೀಗದ ಕೈ ಕೌಂಟರ್‌ನವರ ಜೇಬಲ್ಲಿ. ಕೌಂಟರ್‌ನವರು ಮನೆಗೆ ಹೋಗಿಯಾಗಿತ್ತು. ಐಸ್ ಕೂಡ ಇರಲಿಲ್ಲ. ಕೊನೆಗೆ ಯಾರದ್ದೋ ತಣ್ಣನೆ ನೀರಿನ ಬಾಟಲಿಯನ್ನೇ ಟವೆಲಿನಲ್ಲಿ ಸುತ್ತಿ ಕಾಲಿಗಿಟ್ಟೆವು. ಈಗ ಬೀಗದ ಕೈಯನ್ನು ಪೆಟ್ಟಿಗೆಗೇ ದಾರ ಕಟ್ಟಿ ನೇತುಹಾಕಿದ್ದಾರೆ. ಹಾಗಾದರೆ ಬೀಗ ಯಾಕೆ, ಕೇಳಬೇಡಿ. ಪರದೆ ಬಂದಿಲ್ಲ, ಐಸ್ ಪ್ಯಾಕ್ ಬಂದಿಲ್ಲ.

ಶಟಲ್ ಕೇಂದ್ರದವರೇ ಕೊಡುತ್ತಾರೆ, ನೈಲಾನಿಂದು. ಒಮ್ಮೆ ಪೂರ್ತಿ ಕೆಂಪು ಪಟ್ಟಿಯದ್ದೇ ತಂದಿದ್ದರು. ಅದು ವೇಗದ್ದು. ಸೆಕೆಯ ದಿನ ಹೊಡೆದದ್ದೆಲ್ಲ ಹಿಂದಿನ ಗೋಡೆಗೆ. ಈಗ ನೀಲಿ ಪಟ್ಟಿಯದ್ದು ಬರುತ್ತಿದೆ, ಪರವಾಗಿಲ್ಲ. ಎರಡನೇ ಕೋರ್ಟಿನ ಮೇಲಿನ ಫ್ಯಾನ್ ಹಾಕಿದರೆ ಶಟಲ್ ಓಲಾಡುತ್ತದೆ, ಆರಿಸಿದರೆ ನಾವು ಬೇಯುತ್ತೇವೆ.

ಕೋ-ಆರ್ಡಿನೇಟರ್ ಎರಡು ಸಂಜೆ ರಜೆ ಹಾಕಿದ್ದರು. ಹಲಗೆ ಅಲ್ಲೇ ಇತ್ತು, ಗೂಡಿನ ಬಣ್ಣ ಅಲ್ಲೇ ಇತ್ತು. ಅರ್ಧ ಗಂಟೆಯೊಳಗೆ ಮೊದಲನೇ ಕೋರ್ಟ್ ಮತ್ತೆ ನಾಲ್ವರ ಸ್ವಂತ ಆಸ್ತಿಯಾಯಿತು. ಹೊಸದಾಗಿ ಬಂದ ಹುಡುಗಿಯೊಬ್ಬಳು ಬ್ಯಾಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ‘ಅಂಕಲ್, ಇಲ್ಲಿ ಯಾರನ್ನ ಕೇಳ್ಬೇಕು?’ ಅಂದಳು. ಹಲಗೆ ತೋರಿಸಿದೆ. ಸಿಕ್ಕಿಸಿ ಬಂದಳು. ಅವಳ ಬ್ಯಾಟಿಗಿಂತ ಮುಂದೆ ಇನ್ನೆರಡು ಹೇಗೋ ಬಂದು ಕೂತವು. ಮ್ಯಾನೇಜರಿಗೆ ಹೇಳಿದರೆ, ‘ಹಲಗೆ ಇದೆಯಲ್ಲ ಸರ್, ಆಟಗಾರರೇ ನೋಡ್ಕೋಬಹುದು’ ಅಂದರು. ಆ ಹುಡುಗಿ ಮತ್ತೆ ಬಂದಿದ್ದನ್ನು ನಾನು ನೋಡಿಲ್ಲ.

ಹೋದ ವಾರ ಚಂದಾ ಮುಗಿಯಿತು. ಮುಂದಿನ ಮೂರು ತಿಂಗಳಿಗೆ ಕಟ್ಟುವ ಮುಂಚೆ ಕೌಂಟರ್‌ನಲ್ಲಿ ಒಂದೇ ಪ್ರಶ್ನೆ ಕೇಳಿದೆ, ‘ಮೇಡಂ ಇರ್ತಾರಾ?’ ಇರುತ್ತಾರೆ ಅಂದರು. ಕಟ್ಟಿದೆ. ಸದ್ಯಕ್ಕೆ ಮೂರೂವರೆ ಸ್ಟಾರ್. ಐಸ್ ಪ್ಯಾಕ್ ತಂದಿಟ್ಟ ದಿನ ಇನ್ನರ್ಧ ಸೇರಿಸುತ್ತೇನೆ.