ಲೂಪ್‌ಗಳ ಜಗಳ ಯಾವ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ?

ಒಂದು ಕಂಟ್ರೋಲ್ ಲೂಪ್ (ಒಂದು ಔಟ್‌ಪುಟನ್ನು ಅಳೆದು, ಅದಕ್ಕೆ ತಕ್ಕಂತೆ ಒಂದು ಇನ್‌ಪುಟನ್ನು ತಿದ್ದುವ ವ್ಯವಸ್ಥೆ) ಮತ್ತೊಂದನ್ನು ಎಷ್ಟು ಕಾಡುತ್ತದೆ ಎಂಬುದನ್ನು ತೋರಿಸುವ ಮೂರು ಬಗೆಯ ಚಿತ್ರಗಳನ್ನು ಒಂದೇ ಮಾದರಿಗೆ ಬರೆದು ನೋಡಿದೆ. ಮಾದರಿ, 1973ರಲ್ಲಿ ಪ್ರಕಟವಾದ ವುಡ್–ಬೆರಿ ಡಿಸ್ಟಿಲೇಷನ್ ಕಾಲಂ. ಅದು ಮೆಥನಾಲನ್ನು ನೀರಿನಿಂದ ಬೇರ್ಪಡಿಸುತ್ತದೆ: ಮೆಥನಾಲ್ ಮೇಲಿಂದ, ನೀರು ತಳದಿಂದ ಹೊರಬರುತ್ತದೆ. ನಾವು ತಿರುಗಿಸಬಹುದಾದದ್ದು ರಿಫ್ಲಕ್ಸ್ (ಮೇಲಿಂದ ಕಾಲಂಗೆ ಮರಳಿಸುವ ದ್ರವ) ಮತ್ತು ಕಾಯಿಸುವ ಸ್ಟೀಮ್. ಹಿಡಿತದಲ್ಲಿಡಬೇಕಾದದ್ದು ಮೇಲಿನ ಮತ್ತು ತಳದ ಉತ್ಪನ್ನಗಳಲ್ಲಿರುವ ಮೆಥನಾಲ್.

ಮೊದಲನೆಯದು ಆರ್‌ಜಿಎ (ರಿಲೇಟಿವ್ ಗೇನ್ ಅರೇ) ಕೋಷ್ಟಕಕ್ಕೆ ಬಣ್ಣ ತುಂಬಿದ ಹೀಟ್‌ಮ್ಯಾಪ್. ಯಾವ ಔಟ್‌ಪುಟನ್ನು ಯಾವ ಇನ್‌ಪುಟ್‌ಗೆ ಜೋಡಿಸಬೇಕೆಂದು ಅದು ಸೂಚಿಸುತ್ತದೆ; ಋಣ ಸಂಖ್ಯೆ ಬಂದ ಜೋಡಿ ಬೇಡ. ಬ್ರಿಸ್ಟಲ್ 1966ರಲ್ಲಿ ಕೊಟ್ಟ ಈ ಲೆಕ್ಕಕ್ಕೆ ಸ್ಥಿರ ಸ್ಥಿತಿಯ ಗೇನ್‌ಗಳಷ್ಟೇ (ಇನ್‌ಪುಟ್ ಒಂದು ಮಾನ ಬದಲಾದರೆ ಔಟ್‌ಪುಟ್ ಕೊನೆಗೆ ಎಷ್ಟು ಬದಲಾಗುತ್ತದೆ ಎಂಬ ಸಂಖ್ಯೆ) ಸಾಕು, ಅಳತೆಯ ಮಾನ ಬದಲಾದರೂ ಉತ್ತರ ಬದಲಾಗದು. ಇಲ್ಲಿ ಕರ್ಣದಲ್ಲಿ 2.01, ಉಳಿದೆಡೆ −1.01 ಬಂತು: ಮೇಲಿನದನ್ನು ರಿಫ್ಲಕ್ಸ್‌ಗೆ, ತಳದ್ದನ್ನು ಸ್ಟೀಮ್‌ಗೆ ಜೋಡಿಸಿ ಎಂದರ್ಥ. ಆದರೆ ರಿಫ್ಲಕ್ಸ್‌ನಿಂದ ತಳಕ್ಕಿರುವ 6.6 ಗೇನನ್ನು ಸೊನ್ನೆ ಮಾಡಿದೊಡನೆ ಕರ್ಣದಲ್ಲಿ 1, ಉಳಿದೆಡೆ 0 ಆಯಿತು. ಸ್ಟೀಮ್ ಆಗಲೂ −18.9 ಗೇನ್‌ನಿಂದ ಮೇಲಿನ ಉತ್ಪನ್ನವನ್ನು ಅಲುಗಿಸುತ್ತಲೇ ಇತ್ತು. ಒಮ್ಮುಖ ಪ್ರಭಾವ ಈ ಚಿತ್ರದ ಕಣ್ಣಿಗೇ ಬೀಳುವುದಿಲ್ಲ.

ಎರಡನೆಯದು ಸ್ಟೆಪ್ ರೆಸ್ಪಾನ್ಸ್‌ಗಳ, ಅಂದರೆ ಒಂದು ಇನ್‌ಪುಟನ್ನು ಥಟ್ಟನೆ ಬದಲಿಸಿದಾಗ ಔಟ್‌ಪುಟ್ ಹೇಗೆ ಸಾಗುತ್ತದೆ ಎಂಬುದರ, ನಾಲ್ಕು ಗ್ರಾಫ್. ರಿಫ್ಲಕ್ಸ್ ಬದಲಿಸಿದ ಮೇಲೆ ತಳದ ಗೆರೆ 7 ನಿಮಿಷ ಮಿಸುಕದೆ ಮಲಗಿರುವುದು ಇಲ್ಲಿ ಮಾತ್ರ ಕಂಡಿತು. ನಾಲ್ಕಕ್ಕೂ ಒಂದೇ ಲಂಬ ಅಳತೆ ಇಡಲೇಬೇಕು. ತಂತ್ರಾಂಶ ತಾನಾಗಿ ಅಳತೆ ಹೊಂದಿಸಿದರೆ ರಿಫ್ಲಕ್ಸ್‌ನಿಂದ ತಳಕ್ಕಿರುವ 6.6 ಗೇನ್ ಮತ್ತು ಸ್ಟೀಮ್‌ನಿಂದ ತಳಕ್ಕಿರುವ −19.4 ಗೇನ್ ಒಂದೇ ಗಾತ್ರದವಾಗಿ ಕಾಣುತ್ತವೆ.

ನನಗೆ ಹೆಚ್ಚು ಹಿಡಿಸಿದ್ದು ಮೂರನೆಯದಾದ ಗೇನ್ ದೀರ್ಘವೃತ್ತ. ಎರಡು ಇನ್‌ಪುಟ್‌ಗಳನ್ನು ಒಂದು ವೃತ್ತದ ಸುತ್ತ ಬದಲಿಸುತ್ತಾ ಹೋದರೆ ಔಟ್‌ಪುಟ್‌ಗಳು ದೀರ್ಘವೃತ್ತ ಬರೆಯುತ್ತವೆ. ಪ್ರಕಟಿತ ಮಾನಗಳಲ್ಲಿ ಅದರ ಉದ್ದದ ಅರ್ಧಾಕ್ಷ ಸುಮಾರು 30.4, ಗಿಡ್ಡದ್ದು 4.1. ಉದ್ದದ ದಿಕ್ಕಿನಲ್ಲಿ ಎರಡೂ ಉತ್ಪನ್ನಗಳ ಮೆಥನಾಲ್ ಒಟ್ಟಿಗೆ ಏರುತ್ತದೆ, ಅದು ಸಲೀಸು. ಮೇಲಿನದು ಏರಿ ತಳದ್ದು ಇಳಿಯುವುದು, ಅಂದರೆ ಎರಡೂ ಹೆಚ್ಚು ಶುದ್ಧವಾಗುವುದು, ಗಿಡ್ಡ ದಿಕ್ಕು. ಎರಡರಲ್ಲೂ ಸಮಪ್ರಮಾಣದ ಬದಲಾವಣೆ ಬೇಕಾದರೆ ರಿಫ್ಲಕ್ಸ್ ಮತ್ತು ಸ್ಟೀಮ್ ಎರಡನ್ನೂ ಸುಮಾರು 2:1ರಂತೆ ಏರಿಸಬೇಕು. ಕಾರ್ಖಾನೆಗೆ ಬೇಕಾದದ್ದೇ ಕಷ್ಟದ ದಿಕ್ಕು ಎಂಬುದನ್ನು ಇಷ್ಟು ನೇರವಾಗಿ ಬೇರೆ ಯಾವ ಚಿತ್ರವೂ ಹೇಳಲಿಲ್ಲ. ಆದರೆ ಮಾನ ಬದಲಾದರೆ ಆಕಾರವೂ ಬದಲಾಗುತ್ತದೆ. ಹಾಗಾಗಿ ಪ್ರತಿ ಇನ್‌ಪುಟ್, ಔಟ್‌ಪುಟನ್ನೂ ಅದರದರ ಅನುಮತಿಸಿದ ವ್ಯಾಪ್ತಿಯಿಂದ ಭಾಗಿಸಿದ ಮೇಲೆಯೇ ಬರೆಯಬೇಕು.

ಎರಡು ಲೂಪ್‌ಗಳಿದ್ದರೆ ನಾನು ಗ್ರಾಫ್‌ಗಳನ್ನೂ ದೀರ್ಘವೃತ್ತವನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಐದಾರು ಲೂಪ್‌ಗಳಾದರೆ ದೀರ್ಘವೃತ್ತವನ್ನು ಬರೆಯಲಾಗದು, ಗ್ರಾಫ್‌ಗಳ ಸಂಖ್ಯೆಯೂ ಇಪ್ಪತ್ತೈದು, ಮೂವತ್ತಾರಕ್ಕೆ ಏರುತ್ತದೆ; ಅಲ್ಲಿ ಜೋಡಣೆ ಆರಿಸಲು ಹೀಟ್‌ಮ್ಯಾಪನ್ನೇ ಮೊದಲು ತೆರೆಯುತ್ತೇನೆ.