ಕಣ್ಣಿಗೆ ಪಾಠ ಹೇಳುವ ಡ್ರೈವಿಂಗ್ ಸ್ಕೂಲ್

ಮೈಸೂರಿನ ರಿಂಗ್ ರೋಡ್ ಕಡೆಯ ಈ ಡ್ರೈವಿಂಗ್ ಸ್ಕೂಲಿಗೆ ನಾನು ಕೊಡುವುದು ಐದಕ್ಕೆ ಮೂರೂವರೆ ಸ್ಟಾರ್. ಅಲ್ಲಿನ ಹಿರಿಯ ಮೇಷ್ಟ್ರಿಗೆ ಮಾತ್ರ ಅಂದರೆ ಐದಕ್ಕೆ ಐದು. ದೂರುಗಳೂ ಇರುವುದರಿಂದ ಹೆಸರು ಹಾಕುತ್ತಿಲ್ಲ.

ನಾನು ಪಿಯುಸಿಯಲ್ಲಿ ಮನಃಶಾಸ್ತ್ರ ಪಾಠ ಮಾಡುವವಳು. ಸ್ಕೂಟರ್ ಬಿಟ್ಟರೆ ಬೇರೆ ಗಾಡಿ ಮುಟ್ಟಿದವಳಲ್ಲ. ಸ್ಕೂಟರಿನವರಿಗೆ ಕಾರಲ್ಲಿ ಒಂದು ವಿಚಿತ್ರ ತೊಂದರೆ ಇದೆ. ಸ್ಕೂಟರಲ್ಲಿ ನಾವು ಗಾಡಿಯ ನಟ್ಟನಡುವೆ ಕೂತಿರುತ್ತೇವೆ. ನಮ್ಮ ಭುಜ ನುಗ್ಗುವ ಜಾಗದಲ್ಲಿ ಗಾಡಿಯೂ ನುಗ್ಗುತ್ತದೆ. ಕಾರಲ್ಲಿ ಹಾಗಲ್ಲ. ನಾವು ಬಲಗಡೆ ಕೂತರೆ ಮುಕ್ಕಾಲು ಗಾಡಿ ಎಡಕ್ಕೆ ಚಾಚಿರುತ್ತದೆ, ಆ ತುದಿ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಅಲ್ವಾ ಹೊಸಬರ ಕಾರಿಗೆ ಎಡಗಡೆಯೇ ಗೀರು ಜಾಸ್ತಿ?

ಇದಕ್ಕೆ ಮೇಷ್ಟ್ರ ಮದ್ದು ಒಂದು ಖಾಲಿ ನೀರಿನ ಬಾಟಲಿ. ಖಾಲಿ ಸೈಟಿನ ಪಕ್ಕದ ರಸ್ತೆಯ ಅಂಚಿಗೆ ಅದನ್ನು ನಿಲ್ಲಿಸಿ, "ಎಡಗಡೆ ಮುಂದಿನ ಚಕ್ರ ಇದರ ಮೇಲೇ ಹತ್ತಬೇಕು ಮೇಡಂ" ಅಂದರು. ತಪ್ಪಿಸುವುದನ್ನು ಕಲಿಸುತ್ತಾರೆ ಅಂದುಕೊಂಡರೆ ಹತ್ತಿಸುವುದನ್ನು ಕಲಿಸುತ್ತಾರೆ! ಬಾಟಲಿ ಬಾನೆಟ್‌ನ ಯಾವ ಜಾಗದಲ್ಲಿ ಮರೆಯಾಯಿತು ಅಂತ ನೋಡಿಟ್ಟುಕೊಳ್ಳಬೇಕು. ಆಮೇಲೆ ಕಾಯಬೇಕು. ಚಕ್ರದಡಿ ಚರಕ್ ಅಂತ ಸದ್ದಾದರೆ ಅಂದಾಜು ಸರಿ. ಸದ್ದಾಗಲಿಲ್ಲವಾ, ಇಳಿದು ಹೋಗಿ ಟೈರಿನ ಗುರುತು ಎಲ್ಲಿದೆ ಅಂತ ನಾವೇ ನೋಡಬೇಕು, ಅವರು ಹೇಳುವುದಿಲ್ಲ. ಈ ಆಟ ಕೈವಶ ಆದಮೇಲೆ ಅದೇ ಬಾಟಲಿಯನ್ನು ಒಂದು ಗೇಣು ಬಿಟ್ಟು ಹೋಗಿ ಅನ್ನುತ್ತಾರೆ. ಅಷ್ಟರಲ್ಲಿ ಕಾರಿನ ಎಡ ಅಂಚು ನಮ್ಮ ಮೈಯದೇ ಅಂಚು ಅನ್ನಿಸತೊಡಗಿರುತ್ತದೆ. ಸ್ಟೇರಿಂಗ್ ಎಷ್ಟು ತಿರುಗಿಸಬೇಕು ಅಂತ ಆಮೇಲೆ ಯಾರೂ ಹೇಳಬೇಕಾಗಿಲ್ಲ.

ಕ್ಲಚ್ ಪಾಠವೂ ಹೀಗೇ. ಕಾಲು ಎಷ್ಟು ಇಂಚು ಎತ್ತಬೇಕು ಅಂತ ಅಳತೆ ಇಲ್ಲ. "ಕಾಲು ಬಿಡಿ, ಇಂಜಿನ್ ಕೇಳಿ. ಸದ್ದು ಒಂಚೂರು ಇಳಿಯುತ್ತೆ, ಸ್ಟೇರಿಂಗಲ್ಲಿ ನಡುಕ ಬರುತ್ತೆ, ಅಲ್ಲೇ ನಿಲ್ಲಿಸಿ." ಅದೇ ಹಾಫ್ ಕ್ಲಚ್. ನಮ್ಮ ಓದಿನಲ್ಲಿ ಗೇಬ್ರಿಯೆಲ್ ವುಲ್ಫ್ ಅನ್ನುವ ಸಂಶೋಧಕಿ 1990ರ ದಶಕದಿಂದ ಹೇಳುತ್ತಾ ಬಂದಿದ್ದೂ ಇದನ್ನೇ. ನಮ್ಮ ಕೈಕಾಲಿನ ಮೇಲೆ ಗಮನ ಇಟ್ಟರೆ ಚಲನೆ ಬಿಗಿಯಾಗುತ್ತದೆ. ಅದರಿಂದ ಹೊರಗೆ ಏನಾಗುತ್ತಿದೆ ಅನ್ನುವುದರ ಮೇಲೆ ಇಟ್ಟರೆ ಬೇಗ ಕೂಡಿಬರುತ್ತದೆ. ಮೇಷ್ಟ್ರು ಇದನ್ನೆಲ್ಲ ಓದಿದವರಲ್ಲ. ಹಿಂದೆ ಲಾರಿ ಓಡಿಸುತ್ತಿದ್ದರಂತೆ.

ಮೊದಮೊದಲು ಗಾಡಿಯಲ್ಲಿ ಅವರು ಮಾತೇ ಆಡುವುದಿಲ್ಲ. ಸಿಡುಕರೇನೋ ಅಂದುಕೊಂಡಿದ್ದೆ. ಆಮೇಲೆ ಕಾರಣ ಹೊಳೆಯಿತು. ಕೈಕೆಲಸದ ಕಲಿಕೆಗೆ ಫಿಟ್ಸ್ ಮತ್ತು ಪೋಸ್ನರ್ ಅನ್ನುವ ಮನಃಶಾಸ್ತ್ರಜ್ಞರು 1967ರಲ್ಲಿ ಹೇಳಿದ ಮೂರು ಹಂತಗಳಲ್ಲಿ ಮೊದಲನೆಯದರಲ್ಲಿ ಪ್ರತಿಯೊಂದೂ ತಲೆಯ ಮೂಲಕವೇ ಹಾದು ಬರಬೇಕು. ಕ್ಲಚ್, ಗೇರ್, ಮಿರರ್ ಅಂತ ಒಳಗೊಳಗೇ ಜಪ ನಡೆಯುತ್ತಿರುತ್ತದೆ. ಆಗ ಯಾರಾದರೂ ಮಾತಾಡಿಸಿದರೆ ಜಪವೂ ಹೋಯ್ತು, ಗಾಡಿಯೂ ಆಫ್. ಗೇರ್ ಸ್ವಲ್ಪ ಹಿಡಿತಕ್ಕೆ ಬಂದಮೇಲೆ ಇದೇ ಮನುಷ್ಯ ಬೇಕೂಂತಲೇ ಶುರು ಮಾಡುತ್ತಾರೆ: "ಬೆಳಿಗ್ಗೆ ಏನು ತಿಂಡಿ ಮೇಡಂ? ಉಪ್ಪಿಟ್ಟಾ? ರವೆ ಹುರಿದು ಮಾಡ್ತೀರಾ?" ಉತ್ತರ ಕೊಡುತ್ತಾ ಕೊಡುತ್ತಾ ಮೂರನೇ ಗೇರ್ ಸಲೀಸಾಗಿ ಬಿದ್ದರೆ ಪಾಸ್. ಇಂಥ ಪರೀಕ್ಷೆಯನ್ನು ನಾವು ಲ್ಯಾಬಿನಲ್ಲಿ ಎಷ್ಟು ಸಲಕರಣೆ ಇಟ್ಟುಕೊಂಡು ಮಾಡುತ್ತೇವೆ ಗೊತ್ತಾ!

ಕೊನೆಕೊನೆಗೆ ಚಾಮುಂಡಿ ಬೆಟ್ಟಕ್ಕೆ ಕರೆದೊಯ್ಯುತ್ತಾರೆ. ತಿರುವಲ್ಲಿ ಅವರದು ಒಂದೇ ಮಾತು, ತಿರುವಿನ ಒಳಗಿನ ಅಂಚು ನೋಡಿ. 1994ರಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಡೇವಿಡ್ ಲೀ ಅನ್ನುವ ಸಂಶೋಧಕರು ಚಾಲಕರ ನೋಟವನ್ನು ದಾಖಲಿಸಿದಾಗ ಕಂಡಿದ್ದೂ ಇದೇ. ತಿರುವು ಬರುವ ಒಂದೆರಡು ಸೆಕೆಂಡ್ ಮೊದಲೇ ಕಣ್ಣು ಆ ಒಳ ಅಂಚಿಗೆ ಹೋಗಿರುತ್ತದೆ. ಬಾನೆಟ್ ಮುಂದಿನ ಡಾಂಬರನ್ನೇ ನೋಡುತ್ತಾ ಓಡಿಸಿದರೆ ಕೈ ಸುಮ್ನೆ ಅತ್ತಿತ್ತ ತಡಕಾಡುತ್ತದೆ.

ಹಿಂದಿನ ಸೀಟಲ್ಲಿ ಇನ್ನೊಬ್ಬ ಕಲಿಯುವವರನ್ನು ಕೂರಿಸುತ್ತಾರೆ ಅಂತ ಕೆಲವರು ಗೊಣಗುತ್ತಾರೆ. ನಾನಂತೂ ಗೊಣಗಲ್ಲ. ಬೇರೆಯವರ ಗಾಡಿ ಯಾಕೆ ಜರ್ಕ್ ಹೊಡೆಯಿತು ಅಂತ ಹಿಂದೆ ಕೂತು ನೋಡುವುದೂ ಕಲಿಕೆಯೇ, ಅದೂ ನಮ್ಮ ಕೈ ನಡುಗದೆ!

ಈಗ ದೂರು. ಸಂಜೆ ಬ್ಯಾಚಿಗೆ ಕಲಿಸಲು ಬೇರೆ ಹುಡುಗನಿದ್ದಾನೆ, ಫೋನ್ ಕೆಳಗಿಡುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಅಂದರೆ ಕಲಿಸುವವರ ಕಾಲಿಗೂ ಇಟ್ಟಿರುವ ತನ್ನ ಕಡೆಯ ಬ್ರೇಕನ್ನು ಸದ್ದಿಲ್ಲದೆ ಒತ್ತಿಬಿಡುತ್ತಾನೆ. ಗಾಡಿ ನಯವಾಗಿ ನಿಲ್ಲುತ್ತದೆ, ನಾವು ನಮ್ಮದೇ ಕಾಲಿನ ಹದ ಅಂತ ಹಿಗ್ಗುತ್ತೇವೆ. ಸುಳ್ಳು ಹದವನ್ನು ಕಾಲು ಕಲಿತುಬಿಡುತ್ತದೆ. ಮೇಷ್ಟ್ರಾದರೆ ಒತ್ತಿದ ಪ್ರತಿ ಸಲವೂ "ಇದು ನಂದು" ಅನ್ನುತ್ತಾರೆ.

ಇನ್ನೊಂದು, ರಿವರ್ಸ್ ಪಾಠ. ಹಿಂದಿನ ಗ್ಲಾಸಿಗೆ ಒಂದು ಸ್ಟಿಕರ್ ಅಂಟಿಸಿದ್ದಾರೆ. ಗ್ರೌಂಡಿನ ಕಂಬ ಆ ಸ್ಟಿಕರಿಗೆ ಬಂದ ತಕ್ಷಣ ಫುಲ್ ಬಲಕ್ಕೆ ತಿರುಗಿಸಿ ಅನ್ನುತ್ತಾರೆ. ಈ ವಿಷಯದಲ್ಲಿ ಮೇಷ್ಟ್ರೂ ಅಷ್ಟೇ. ಎಲ್ಲರೂ ಚೆನ್ನಾಗಿ ಮಾಡುತ್ತಾರೆ, ಆದರೆ ಆ ಗ್ರೌಂಡಲ್ಲಿ, ಆ ಕಂಬಕ್ಕೆ, ಆ ಕಾರಲ್ಲಿ ಮಾತ್ರ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಸ್ಟಿಕರೂ ಇಲ್ಲ, ಕಂಬ ಇರುವ ಜಾಗವೂ ಬೇರೆ. ಬಾಟಲಿ ಇಟ್ಟು ಮುಂದಿನ ಚಕ್ರ ಕಲಿಸುವವರು ಹಿಂದಿನ ಚಕ್ರಕ್ಕೂ ಒಂದು ಬಾಟಲಿ ಇಡಬಾರದಾ? ಕೇಳಿದ್ದಕ್ಕೆ "ಟೆಸ್ಟ್ ಪಾಸಾಗಲಿ ಮೇಡಂ ಮೊದಲು" ಅಂದರು.

ಸೇರುವವರು ಬೆಳಗಿನ ಬ್ಯಾಚನ್ನೇ ಕೇಳಿ. ಫೀಸು ಪಕ್ಕದವರಿಗಿಂತ ಸ್ವಲ್ಪ ಜಾಸ್ತಿ, ಚೌಕಾಸಿಗೆ ಬಗ್ಗುವುದಿಲ್ಲ. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಸಿಕ್ಕ 30 ದಿನದ ಮೇಲೆಯೇ ಡಿಎಲ್ ಟೆಸ್ಟ್, ಎಲ್‌ಎಲ್‌ಆರಿಗೆ ಆರು ತಿಂಗಳ ಅವಧಿ ಇರುತ್ತದೆ. ಆತುರ ಮಾಡಬೇಡಿ. ರಿವರ್ಸ್ ಮಾತ್ರ ಮನೆ ಕಾರಲ್ಲಿ, ಮನೆಯವರನ್ನು ಹೊರಗೆ ನಿಲ್ಲಿಸಿಕೊಂಡು ಬೇರೆಯಾಗಿ ಕಲಿಯಿರಿ.